ಸಂಡಿಗೆ ಸೈನ್ಯದ ಯುದ್ಧಕೈದಿಗಳು

"ನಲವತ್ತು ರೂಪಾಯಿಯೊಳಗೆ ನಲವತ್ತು ಜನರ ಸೈನ್ಯ ಕಟ್ಟದಿದ್ದರೆ ನನ್ನ ಹೆಸರು ಉದಯಶಂಕರನೇ ಅಲ್ಲ!"

ಕಳೆದ ವರ್ಷ ಏಪ್ರಿಲ್ ತಿಂಗಳ ಒಂದು ಭಾನುವಾರ ಸಾಲಿಗ್ರಾಮದ ನಮ್ಮ ಮನೆಯ ಜಗಲಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಾನು ಹೀಗೆಂದು ಘೋಷಿಸಿದೆ. ಕೇಳಿಸಿಕೊಂಡವರು ಇಬ್ಬರು. ಒಬ್ಬಳು ನನ್ನ ಹೆಂಡತಿ ಗೋಮತಿ. ಇನ್ನೊಬ್ಬರು ಅವಳ ಅಣ್ಣ, ಮಧುಸೂದನ ಭಾವ. ಭಾವ ಈಗಿಲ್ಲ. ನಾವು ಯುದ್ಧ ಮಾಡುತ್ತಿದ್ದ ಮೇಜಿನ ಮೇಲೆ ಗೋಮತಿ ಈಗ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ನಾನು ಆ ಕಡೆ ಹೆಚ್ಚು ಹೋಗುವುದಿಲ್ಲ.

ಭಾವ ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದವರು. ಮದುವೆಯ ಗೊಡವೆಗೆ ಹೋಗದೆ ಲೋಕವೆಲ್ಲ ಸುತ್ತಿ, ನಿವೃತ್ತರಾಗಿ ತೆಕ್ಕಟ್ಟೆಯಲ್ಲೊಂದು ಬಾಡಿಗೆ ಮನೆ ಹಿಡಿದಿದ್ದರು. ಯಾವುದೋ ಬಂದರಿನಲ್ಲಿ ಅವರಿಗೆ ಹತ್ತಿಕೊಂಡ ಚಟ ಗೊಂಬೆಯುದ್ಧ. ಹೆಬ್ಬೆರಳುದ್ದದ ಸೈನಿಕರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಬೇಕು, ಸ್ಕೇಲಿನಲ್ಲಿ ಅಳೆದು ಮುಂದೆ ನಡೆಸಬೇಕು, ದಾಳ ಹಾಕಿ ಕೊಲ್ಲಬೇಕು. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಭಾವ ಎರಡು ಸೈನ್ಯಗಳನ್ನು ಹತ್ತಿಯಲ್ಲಿ ಸುತ್ತಿ ತರುತ್ತಿದ್ದರು. ಒಂದು ಅವರಿಗೆ, ಒಂದು ನನಗೆ. ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಗೆದ್ದವನಲ್ಲ.

ಆ ಭಾನುವಾರ ಚಹಾದ ಲೋಟ ಇಡಲು ಹೋಗಿ ಅವರ ಕ್ಯಾಪ್ಟನ್ನನ ಕಾಲು ಮುರಿದೆ. ಭಾವ ಬೈಯಲಿಲ್ಲ. ಆ ಕಾಲನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, "ಇನ್ನ್ ನಿಮ್ ಸೈನ್ಯ ನೀವೇ ತನ್ನಿ. ಕಂಪೆನಿ ಗೊಂಬಿ ಅಲ್ದಿದ್ರೆ ಯುದ್ಧ ಇಲ್ಲೆ. ನಿಯಮ ಅಂದ್ರೆ ನಿಯಮ" ಎಂದರು.

ಕಂಪೆನಿ ಗೊಂಬೆಯ ಬೆಲೆ ಕೇಳಿ ನನ್ನದೇ ಕಾಲು ಮುರಿದ ಹಾಗಾಯಿತು. ಹತ್ತು ಜನರ ಪೆಟ್ಟಿಗೆಗೆ ನಾಲ್ಕು ಸಾವಿರ! ಅದೂ ಇಡೀ ಮನುಷ್ಯರಲ್ಲ. ಕೈ, ಕಾಲು, ತಲೆ ಎಲ್ಲ ಬೇರೆಬೇರೆ, ನಾವೇ ಅಂಟಿಸಿಕೊಳ್ಳಬೇಕು. ಬಣ್ಣವೂ ನಮ್ಮದೇ. ಕಿರುಬೆರಳಿನಷ್ಟು ಬಣ್ಣದ ಬಾಟ್ಲಿಗೆ ಮುನ್ನೂರೈವತ್ತು. ಸೊಸೈಟಿಯಲ್ಲಿ ಗುಮಾಸ್ತನಾದ ನನ್ನ ಸಂಬಳದಲ್ಲಿ ಒಂದು ತುಕಡಿಯ ಪಾದಗಳನ್ನಷ್ಟೇ ಕೊಳ್ಳಬಹುದಿತ್ತು. ಹಾಗಾಗಿಯೇ ಆ ಘೋಷಣೆ.

ಮೊದಲು ಗೇರುಬೀಜಕ್ಕೆ ಬೆಂಕಿಕಡ್ಡಿ ಚುಚ್ಚಿ ಕಾಲಾಳುಗಳನ್ನು ಮಾಡಿದೆ. ಟಿವಿ ನೋಡುತ್ತಾ ನಾನೇ ತಿಂದು ಮುಗಿಸಿದೆ. ಆಮೇಲೆ ಸೋಡಾ ಬಾಟ್ಲಿಯ ಮುಚ್ಚಳಗಳನ್ನು ನಿಲ್ಲಿಸಿ ನೋಡಿದೆ. ಫ್ಯಾನ್ ಹಾಕಿದೊಡನೆ ಇಡೀ ಪಡೆ ಪಲಾಯನ! ಅಷ್ಟರಲ್ಲಿ ಗೋಮತಿ ತಾರಸಿಯಲ್ಲಿ ಸಂಡಿಗೆ ಹಾಕಲು ಅಕ್ಕಿಹಿಟ್ಟು ಕಾಯಿಸಿದಳು. ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ನಾನು ಪಾತ್ರೆಗೆ ಕೈ ಹಾಕಿದೆ. ಉಂಡೆಯೊಂದು ತಲೆ, ಉದ್ದನೆಯದೊಂದು ದೇಹ, ಅಡಿಯಲ್ಲಿ ಚಪ್ಪಟೆ ಪೀಠ. ಇಪ್ಪತ್ತು ಜನರಿಗೆ ಅರಿಶಿನದ ಸಮವಸ್ತ್ರ, ಇಪ್ಪತ್ತು ಜನರಿಗೆ ಬೀಟ್‌ರೂಟಿನದು. ಮುಖ ಮಾತ್ರ ಯಾರಿಗೂ ಬರಲಿಲ್ಲ.

ಮೂರು ದಿನದ ಬಿಸಿಲಿನಲ್ಲಿ ನಾಲ್ವರು ಕಾಗೆಗಳ ವಾಯುದಾಳಿಗೆ ಬಲಿಯಾದರು. ವಿಮೆ ಏಜೆಂಟ್ ದುಗ್ಗಪ್ಪ ಮನೆಗೆ ಬಂದ ದಿನ ಗೋಮತಿ ಡಬ್ಬಿ ತಪ್ಪಿ ಇನ್ನೈವರನ್ನು ಎಣ್ಣೆಗೆ ಹಾಕಿದಳು. ನನ್ನ ಸೇನಾಧಿಪತಿಯನ್ನು ಕರುಮ್ಮನೆ ಕಡಿದ ದುಗ್ಗಪ್ಪ ಭಾರೀ ಗರಿಗರಿ ಎಂದು ಹೊಗಳಿ, ನನಗೊಂದು ಪಾಲಿಸಿ ಮಾಡಿಸಿ ಹೋದ. ಸತ್ತವರ ಸ್ಥಾನಕ್ಕೆ ಹೊಸ ಸೇನಾಧಿಪತಿಯೂ ಸೇರಿದಂತೆ ಬೇರೆಯವರನ್ನು ಒಣಗಿಸಿ ನಲವತ್ತು ಭರ್ತಿ ಮಾಡಿದೆ.

ಭಾವ ಭೂತಗನ್ನಡಿ ಹಿಡಿದು ನನ್ನ ಸೈನ್ಯವನ್ನು ತಪಾಸಣೆ ಮಾಡಿದರು. ಒಬ್ಬನನ್ನೆತ್ತಿ ಮೂಸಿ, "ಇಂಗ್ ಹಾಕಿದ್ರಾ?" ಎಂದರು. ಬಹಳ ಹೊತ್ತು ಅವನನ್ನು ಕೆಳಗಿಡಲೇ ಇಲ್ಲ. ಅವರಿಗೆ ಸಂಡಿಗೆ ಅಂದರೆ ಪ್ರಾಣ. ಆದರೆ ಮೂತ್ರಪಿಂಡ ಕೆಟ್ಟು ಎರಡು ವರ್ಷವಾಗಿತ್ತು. ಉಪ್ಪು ಮುಟ್ಟಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೆದರಿಸಿದ್ದರು. ಭಾನುವಾರದ ಊಟಕ್ಕೆ ಗೋಮತಿ ಅಣ್ಣನಿಗಾಗಿಯೇ ಉಪ್ಪಿಲ್ಲದ ಸಾರು ಬೇರೆ ಮಾಡುತ್ತಿದ್ದಳು. ಅವರೊಬ್ಬರೇ ಉಣ್ಣಬಾರದೆಂದು ತಾನೂ ಅದನ್ನೇ ಉಣ್ಣುತ್ತಿದ್ದಳು.

ಕೊನೆಗೆ ಭಾವ ಒಂದು ಷರತ್ತಿನ ಮೇಲೆ ಒಪ್ಪಿದರು. "ಸತ್ತವ್ರೆಲ್ಲ ನಂಗೆ."

ಅಲ್ಲಿಂದ ಪ್ರತಿ ಭಾನುವಾರ ನಾಲ್ಕೈದು ಜನ ನನ್ನವರು ಸಾಯುವುದು, ಭಾವ ಅವರನ್ನು ಹತ್ತಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತುವುದು. ಎಂಟು ವಾರದಲ್ಲಿ ಮೂವತ್ತೇಳು ಜನ ಹೋದರು. ನನ್ನ ಹತ್ತಿರ ಉಳಿದವರು ಮೂವರು. ಭಾವನಿಗೆ ಆ ಸಂಡಿಗೆ ಯಾಕೆ ಎಂದು ಯೋಚಿಸಿದೆ. ಇನ್ಯಾಕೆ? ಮನೆಗೆ ಹೋಗಿ ಕರಿದು ತಿನ್ನುವುದಕ್ಕೆ! ಈ ಪತ್ತೇದಾರಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ಯಾವುದು ತಮಾಷೆ, ಯಾವುದು ಅಲ್ಲ ಎಂಬ ವಿವೇಕ ನನ್ನ ಬಾಯಿಗೆ ಎಂದೂ ಇದ್ದದ್ದಲ್ಲ. ಊಟಕ್ಕೆ ಕೂತಾಗ, "ನಿನ್ನ ಅಣ್ಣಯ್ಯ ನನ್ನ ಸೈನ್ಯವನ್ನೇ ಜೀರ್ಣಿಸಿಕೊಳ್ತಿದ್ದಾರೆ" ಎಂದು ನಕ್ಕೆ.

ಗೋಮತಿ ನಗಲಿಲ್ಲ. ಎಂಜಲು ಕೈಯಲ್ಲೇ ಎದ್ದು ಅಣ್ಣನಿಗೆ ಫೋನ್ ಮಾಡಿದಳು.

"ಅಣ್ಣಯ್ಯ, ಸಂಡಿಗಿ ತಿಂದ್ಯಾ? ಸತ್ಯ ಹೇಳ್."

ಭಾವ ಮೊದಲು ಊಟವಾಯಿತಾ ಎಂದು ಮಾತು ತಿರುಗಿಸಿದರಂತೆ. ಆಮೇಲೆ ಎಲ್ಲ ತನ್ನ ಹತ್ತಿರವೇ ಭದ್ರವಾಗಿ ಇದೆ ಎಂದರಂತೆ. ಗೋಮತಿ ಅದನ್ನು ನನಗೆ ಹೇಳಿದಳು. ಅವಳ ಮುಖದಲ್ಲಿ ನಂಬಬೇಕೆಂಬ ಆಸೆ ಕಾಣುತ್ತಿತ್ತು. ಆಗಲಾದರೂ ನಾನು ಸುಮ್ಮನಿರಬಹುದಿತ್ತು.

"ಭದ್ರವಾಗಿಯೇ ಇದೆ, ಹೊಟ್ಟೆಯೊಳಗೆ" ಎಂದೆ.

ಅಲ್ಲಿಗೆ ಯುದ್ಧ ನಿಂತಿತು. ಭಾವ ಇನ್ನು ಬರುವುದು ಬೇಡ, ಉಪ್ಪಿಲ್ಲದ ಊಟವನ್ನು ತಾನೇ ತೆಕ್ಕಟ್ಟೆಗೆ ಮುಟ್ಟಿಸುತ್ತೇನೆ ಎಂದು ಗೋಮತಿ ತೀರ್ಮಾನಿಸಿದಳು. ನನ್ನ ಬಾಯಿಯನ್ನೂ ಸಂಡಿಗೆಯನ್ನೂ ಒಂದೇ ಕಡೆ ಬಿಡಬಾರದು ಎಂಬುದು ಅವಳ ಲೆಕ್ಕ. ಹಾಗೆ ಒಂಬತ್ತು ಭಾನುವಾರ ಕಳೆದವು. ನಡುವೆ ಒಮ್ಮೆ ಭಾವ ಸೊಸೈಟಿಗೆ ಫೋನ್ ಮಾಡಿದ್ದರು; ಅವರೂ ನನ್ನನ್ನು ಭಾವ ಎಂದೇ ಕರೆಯುತ್ತಿದ್ದರು. "ಭಾವ, ಆ ಮೂರ್ ಜನ ಇದ್ರಾ? ಈ ವಾರ ಹಿಡ್ಕಂಡ್ ಬಪ್ಪುಕಾತ್ತಾ?" ಎಂದು ನನ್ನನ್ನು ತೆಕ್ಕಟ್ಟೆಗೆ ಕರೆದರು. ಕದನವಿರಾಮ ಘೋಷಣೆಯಾಗಿದೆ, ನಾನು ಗಡಿ ದಾಟಿದರೆ ನಿಮ್ಮ ತಂಗಿ ಗುಂಡು ಹಾರಿಸುತ್ತಾಳೆ ಎಂದು ನಾನು ತಮಾಷೆ ಮಾಡಿ ಫೋನ್ ಇಟ್ಟೆ. ಹತ್ತನೇ ಭಾನುವಾರ ಬರುವ ಮೊದಲೇ, ಶುಕ್ರವಾರ ಬೆಳಿಗ್ಗೆ, ಆಸ್ಪತ್ರೆಯಲ್ಲಿ ಭಾವ ತೀರಿಕೊಂಡರು.

ಹದಿಮೂರನೇ ದಿನದ ಕಾರ್ಯ ಮುಗಿಸಿ, ಬಾಡಿಗೆ ಮನೆ ಖಾಲಿ ಮಾಡಲು ನಾವಿಬ್ಬರೂ ತೆಕ್ಕಟ್ಟೆಗೆ ಹೋದೆವು. ಅಡುಗೆಮನೆಯಲ್ಲಿ ಬಾಣಲೆಯೇ ಇರಲಿಲ್ಲ. ಎಣ್ಣೆಯ ಡಬ್ಬಿಯೂ ಇರಲಿಲ್ಲ. ಗೋಮತಿ ಎಲ್ಲ ಕಪಾಟನ್ನೂ ತೆರೆದು ನೋಡಿ ಕೋಣೆಗೆ ಹೋದಳು. ಮಂಚದ ಕೆಳಗೊಂದು ತಗಡಿನ ಬಿಸ್ಕತ್ ಡಬ್ಬಿ ಸಿಕ್ಕಿತು.

ಒಳಗೆ ಹತ್ತಿಯ ಮೇಲೆ ನನ್ನ ಸೈನ್ಯ ಮಲಗಿತ್ತು. ಮೂವತ್ತೇಳರಲ್ಲಿ ಒಬ್ಬನೂ ಕಡಿಮೆಯಿಲ್ಲ. ಒಂದು ಹನಿ ಬಣ್ಣವನ್ನೂ ನನಗೆ ಎರವಲು ಕೊಡದ ಮನುಷ್ಯ ಮುನ್ನೂರೈವತ್ತರ ಬಾಟ್ಲಿಗಳನ್ನೆಲ್ಲ ನನ್ನ ಅಕ್ಕಿಹಿಟ್ಟಿನ ಮೇಲೆ ಖರ್ಚು ಮಾಡಿದ್ದರು. ಎಲ್ಲರಿಗೂ ಗುಂಡಿ, ಪಟ್ಟಿ, ಬೂಟು. ಎಲ್ಲರಿಗೂ ಮುಖ. ಮೇಲೆ ವಾರ್ನಿಷ್ ಬೇರೆ. ಕೊನೆಯವನ ಮೀಸೆ ಅರ್ಧಕ್ಕೆ ನಿಂತಿತ್ತು. ಸೇನಾಧಿಪತಿಗೆ ನನ್ನದೇ ಕನ್ನಡಕ, ನನ್ನದೇ ಬೋಳುತಲೆ. ಬಾಯಿ ದೊಡ್ಡದಾಗಿ ತೆರೆದಿತ್ತು.

ಮುಚ್ಚಳದ ಒಳಗೆ ಅಂಟಿಸಿದ್ದ ಚೀಟಿಯನ್ನು ಗೋಮತಿ ಗಟ್ಟಿಯಾಗಿ ಓದಿದಳು.

"ಉದಯ ಭಾವನ ಸೈನ್ಯ. ಯುದ್ಧಕೈದಿಗಳು. ಯಾರೂ ಎಣ್ಣೆಗೆ ಹಾಕಬೇಡಿ. ನಲವತ್ತೂ ಆದ ದಿನ ವಾಪಸು ಕೊಡುವುದು."

ಕಂಪೆನಿ ಗೊಂಬೆಯ ನಿಯಮ ಹೇಳಿದವರು ಸಂಡಿಗೆಗೆ ಬಣ್ಣ ಬಳಿಯುತ್ತೇನೆಂದು ತಂಗಿಯ ಮುಂದೆ ಹೇಗೆ ಒಪ್ಪಿಕೊಂಡಾರು? ಇನ್ನು ಉಳಿದದ್ದು ಮೂವರು. ಒಂದೇ ಒಂದು ಭಾನುವಾರ ಸಾಕಿತ್ತು. ನಾನು ಒಂಬತ್ತನ್ನು ನುಂಗಿ ಹಾಕಿದ್ದೆ.

ಗೋಮತಿ ಸೇನಾಧಿಪತಿಯನ್ನು ಅಂಗೈ ಮೇಲಿಟ್ಟುಕೊಂಡು ನೋಡಿದಳು. "ಬಾಯ್ ಮಾತ್ರ ಸಮಾ ಮಾಡಿದ ಅಣ್ಣಯ್ಯ" ಎಂದಳು. ನಗುವಿನ ಹಾಗೆ ಶುರುವಾದದ್ದು ಅರ್ಧದಲ್ಲೇ ಅಳುವಾಯಿತು. ಅವಳು ಮಂಚದ ಮೇಲೆ ಕೂತು ಅತ್ತಳು. ನಾನು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ.

ಮದುವೆಯಾಗಿ ಇಪ್ಪತ್ತಾರು ವರ್ಷ. ಬಾಯಿ ಮುಚ್ಚಿ ಎಂದು ಅವಳು ಹೇಳದ ದಿನವಿಲ್ಲ, ನಾನು ಮುಚ್ಚಿದ ದಿನವೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದಳು.

"ಹ್ವಾಯ್, ಎಂತಾರೂ ಒಂದ್ ಮಾತಾಡಿ" ಎಂದಳು.

ನನಗೆ ಬಾಯಿ ಬರಲಿಲ್ಲ.