ನಾನು ನುಂಗಿದ 'ಗೋ'

ಸೌಂದರ್ಯ ಸ್ಪರ್ಧೆಗಳ ವಿರುದ್ಧ ಕುಣಿಗಲ್ ತಾಲ್ಲೂಕಿನಲ್ಲಿ ನನ್ನಷ್ಟು ಮಾತಾಡಿದವರು ಇನ್ನೊಬ್ಬರಿಲ್ಲ. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು, ಹೆಸರು ಲಕ್ಷ್ಮೀಕಾಂತ್. ವರ್ಷಾ ವರ್ಷಾ ಮಹಿಳಾ ದಿನಾಚರಣೆಗೆ ಯಾವುದಾದರೊಂದು ಸಂಘದವರು ನನ್ನನ್ನು ಕರೆದೇ ಕರೆಯುತ್ತಾರೆ. (ಮಹಿಳಾ ದಿನಕ್ಕೆ ಗಂಡಸನ್ನೇಕೆ ಕರೆಯುತ್ತೀರಿ ಎಂದು ನಾನೂ ಕೇಳಿಲ್ಲ, ಅವರೂ ಹೇಳಿಲ್ಲ. ಶಾಲು ಹೊದಿಸುತ್ತಾರೆ, ಸುಮ್ಮನೆ ಕೇಳಿ ಯಾಕೆ ಕೆಡಿಸಿಕೊಳ್ಳಲಿ?) "ಹೆಣ್ಣೆಂದರೆ ಸಂತೆಯ ಸರಕೇ? ತೂಗಿ, ಅಳೆದು, ನಂಬರು ಹಚ್ಚಲು ಆಕೆಯೇನು ಕೊಬ್ಬರಿಯೇ?" ಎಂದು ನಾನು ಮೇಜು ಗುದ್ದಿದೆನೆಂದರೆ ಸಭೆ ಚಪ್ಪಾಳೆ ತಟ್ಟಲೇಬೇಕು. ನಮ್ಮದು ತೆಂಗಿನ ಸೀಮೆ. ಕೊಬ್ಬರಿ ಅಂದರೆ ಎಲ್ಲರಿಗೂ ತಟ್ಟನೆ ಅರ್ಥವಾಗುತ್ತದೆ.

ಇಂಥ ಮಹಾನುಭಾವನ ಹೆಂಡತಿ, ಮೊನ್ನೆ ಮೊನ್ನೆ ಐವತ್ತು ತುಂಬಿದ ವನಜ, ತುಮಕೂರಿನ 'ಶ್ರೀಮತಿ ಕಲ್ಪತರು' ಸ್ಪರ್ಧೆಗೆ ಅರ್ಜಿ ಹಾಕಿದಳು ಅಂದರೆ ನನ್ನ ಗತಿ ಏನಾಗಬೇಕು, ನೀವೇ ಹೇಳಿ.

ನನಗೆ ಗೊತ್ತಾದದ್ದೂ ನೆಟ್ಟಗಲ್ಲ. ಒಂದು ಭಾನುವಾರ ಬೆಳಗ್ಗೆ ನನ್ನ ಕನ್ನಡ ನಿಘಂಟು ಕಾಣಲಿಲ್ಲ. ಬೀರುವಿನಲ್ಲಿ ಹುಡುಕಿದೆ, ಮಂಚದ ಕೆಳಗೆ ಹುಡುಕಿದೆ. ಕೊನೆಗೆ ನೋಡಿದರೆ ಅದು ವನಜಳ ತಲೆಯ ಮೇಲಿತ್ತು! ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ, ಕತ್ತು ಅಲುಗಿಸದೆ ಗಂಭೀರವಾಗಿ ಓಡಾಡುತ್ತಿದ್ದಾಳೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ನಾನು ತಲೆಯೊಳಗೆ ತುಂಬಿಕೊಳ್ಳಲಾಗದ್ದನ್ನು ಆಕೆ ತಲೆಯ ಮೇಲೆ ಸಲೀಸಾಗಿ ಹೊತ್ತಿದ್ದಳು.

"ಏನೇ ಇದು ಅವತಾರ?"

"ಮಾತಾಡಿಸ್ಬೇಡಿ, ಬಿದ್ದೋಗ್ತದೆ," ಎಂದಳು ತುಟಿಯನ್ನಷ್ಟೇ ಅಲುಗಿಸಿ.

ಮಗಳು ಮಾನಸಾ ಸೋಫಾದ ಮೇಲೆ ಕಾಲು ಮಡಚಿ ಕೂತು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದಳು. ಅವಳಿಗೆ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಭಾನುವಾರ ಮನೆಗೆ ಬಂದಾಗೆಲ್ಲ ನನ್ನ ನೆಮ್ಮದಿಗೊಂದು ಗತಿ ಕಾಣಿಸಿ ಹೋಗುತ್ತಾಳೆ.

"ವಾಕಿಂಗ್ ಪ್ರಾಕ್ಟೀಸು ಅಪ್ಪಾ. ನಲವತ್ತೈದರ ಮೇಲ್ಪಟ್ಟೋರಿಗೆ 'ಸುವರ್ಣ ವಿಭಾಗ' ಅಂತಿದೆ. ನಾನೇ ಫಾರಂ ತುಂಬಿದ್ದು."

ನಾನು ವನಜಳ ದಾರಿಗೆ ಅಡ್ಡ ನಿಂತೆ.

"ಅಲ್ಲ ಕಣೇ ವನಜಾ, ನಾನು ಊರ್ ತುಂಬಾ ಏನ್ ಮಾತಾಡ್ಕೊಂಡ್ ಬಂದಿದೀನಿ, ನೀನೇನ್ ಮಾಡ್ತಿದೀಯ?"

"ನೀವ್ ಮಾತಾಡಿ. ನಾನೇನ್ ಬೇಡ ಅಂದ್ನಾ? ಇಪ್ಪತ್ತೇಳ್ ವರ್ಷದಿಂದ ಈ ಮನೇಲಿ ಮಾತಾಡ್ತಿರೋದು ನೀವೇ ತಾನೆ?"

"ಅಲ್ಲಿ ಹೆಣ್ಣನ್ನ ಸರಕು ಮಾಡ್ತಾರೆ ಕಣೇ!"

"ಸರಕೋ ಸಾಮಾನೋ. ಒಂದ್ ದಿನ ಸ್ಟೇಜ್ ಹತ್ಬೇಕು ನಾನು. ಹತ್ತಿ ಒಂದ್ ಮಾತು ಹೇಳ್ಬೇಕು."

"ಏನ್ ಮಾತು? ಹೇಳು, ನಾನೇ ಚೆನ್ನಾಗಿ ಬರ್ಕೊಡ್ತೀನಿ."

"ಅದಕ್ಕೇ ನಿಮಗೆ ಹೇಳಲ್ಲ," ಎಂದು ನಿಘಂಟಿನ ಸಮೇತ ಅಡುಗೆಮನೆಗೆ ಹೊರಟುಹೋದಳು.

ಅವತ್ತಿನಿಂದ ಆ 'ಒಂದ್ ಮಾತು' ನನ್ನ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಸ್ಪರ್ಧೆಯ ಸಿದ್ಧಾಂತದ ಚಿಂತೆ ಅತ್ತ ಹೋಯಿತು, ಈ ಹೆಂಗಸು ಮೈಕ್ ಮುಂದೆ ಏನು ಹೇಳಿಬಿಡುತ್ತಾಳೋ ಎಂಬ ಭಯ ಇತ್ತ ಬಂತು. ನನ್ನ ಗೊರಕೆಯ ವಿಚಾರವೇ? ಮುದ್ದೆ ಗಟ್ಟಿಯಾಯಿತೆಂದು ಮದುವೆಯಾದ ಹೊಸದರಲ್ಲಿ ತಟ್ಟೆ ಸರಿಸಿ ಎದ್ದ ವಿಚಾರವೇ? ಹೆಂಡತಿಯ ಬಳಿ ಹೇಳಲು ಒಂದೇ ಮಾತಿದೆ ಅಂದರೆ ಯಾವ ಗಂಡಸು ಧೈರ್ಯವಾಗಿರುತ್ತಾನೆ? ನೂರು ಮಾತಿದ್ದರೆ ಭಯವಿಲ್ಲ.

ನಮ್ಮ ತಾಯಿ ಹನುಮಕ್ಕನ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದೆ. ಎಂಬತ್ತೆರಡು ವರ್ಷದ ಹಳೇಕಾಲದ ಜೀವ, ಸೊಸೆಗೆ ನಾಲ್ಕು ಬುದ್ಧಿಮಾತು ಹೇಳುತ್ತಾಳೆಂದು ನಂಬಿದ್ದೆ.

"ಏನ್ಲಾ ನಿಂದು? ಹೋಗ್ಲಿ ಬುಡು. ನಾನೂ ತುಮ್ಕೂರ್ ನೋಡ್ದಂಗಾಯ್ತದೆ," ಎಂದಳು ಎಲೆಗೆ ಸುಣ್ಣ ಸವರುತ್ತಾ. ಅಷ್ಟಕ್ಕೇ ಬಿಡಲಿಲ್ಲ. "ಅಮ್ಮಣ್ಣಿ, ಸೊಂಟ ಅಷ್ಟ್ಯಾಕ್ ತಿರುಗಿಸ್ತೀಯ? ನೀರಿನ ಬಿಂದಿಗೆ ಹೊತ್ಕಂಡ್ ಬರ್ತೀವಲ್ಲ, ಹಂಗ್ ನಡಿ. ಆ ಮೊಬೈಲ್‌ನೋರಿಗೆ ಏನ್ ಗೊತ್ತು?" ಎಂದು ಎದ್ದು, ಸೀರೆಯ ಸೆರಗು ಸಿಕ್ಕಿಸಿ, ಹಾಲಿನ ಈ ಗೋಡೆಯಿಂದ ಆ ಗೋಡೆಗೆ ತಾನೇ ನಡೆದು ತೋರಿಸಿದಳು. ಮೊಮ್ಮಗಳು ಶಿಳ್ಳೆ ಹೊಡೆದಳು. ನನ್ನ ಮೇಲ್ಮನವಿ ವಜಾ ಆಯಿತು.

ಸ್ಕೂಲಿನಲ್ಲೂ ಸುದ್ದಿ ಹಬ್ಬಿತು. ಮಾನಸಾ ಆ ವಿಡಿಯೋವನ್ನು ಸ್ಟೇಟಸ್ಸಿಗೆ ಹಾಕಿದ್ದಳಂತೆ. ಡ್ರಿಲ್ ಮೇಷ್ಟ್ರು ಚನ್ನವೀರಯ್ಯ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆಯೇ ಕೇಳಿದ: "ಏನ್ ಸಾರ್, ಈ ಸಲ ಕೊಬ್ಬರಿ ರೇಟ್ ಹೆಂಗಿದೆ?" ಎಲ್ಲರೂ ಗೊಳ್ಳೆಂದರು. ನನ್ನದೇ ಭಾಷಣ ತಿರುಗಿ ನನ್ನನ್ನೇ ಒದೆಯಿತು. ಇವತ್ತು ಇದಕ್ಕೊಂದು ಇತ್ಯರ್ಥ ಆಗಲೇಬೇಕೆಂದು ಬುಸುಗುಡುತ್ತಾ ಮನೆಗೆ ಬಂದೆ.

ಬಂದರೆ ವನಜ ಹಿತ್ತಿಲಲ್ಲಿ ಬಟ್ಟೆ ಮಡಚುತ್ತಿದ್ದಳು. ನನ್ನ ಮುಖ ನೋಡಿದ್ದೇ ಅವಳಿಗೆ ಎಲ್ಲ ಗೊತ್ತಾಗಿಹೋಯಿತು.

"ಯಾರಾದ್ರೂ ಏನಾದ್ರೂ ಅಂದ್ರಾ?"

ನಾನು ಬ್ಯಾಗನ್ನು ಒಗೆಯುವ ಕಲ್ಲಿನ ಮೇಲೆ ಕುಕ್ಕಿದೆ.

"ರೀ, ನೀವ್ ಬಂದು ಮುಂದ್ಗಡೆ ಸಾಲಲ್ಲಿ ಕೂತ್ಕೊಂಡ್ರೆ ನಾನ್ ಹೋಗ್ತೀನಿ. ನಿಮಗೆ ಅವಮಾನ ಆಗ್ತದೆ ಅಂದ್ರೆ ಬೇಡ, ಮಾನಸಂಗೆ ಹೇಳಿ ಹೆಸರು ತೆಗ್ಸಿಬಿಡ್ತೀನಿ."

ಜಗಳವಾಡಿದ್ದರೆ ಗೆಲ್ಲುತ್ತಿದ್ದೆನೋ ಏನೋ. ಅವಳು ಅಷ್ಟು ಮೆತ್ತಗೆ ಹೇಳಿ, ನನ್ನ ಬನಿಯನ್ನಿನ ಸುಕ್ಕು ಬಿಡಿಸುತ್ತಾ ನಿಂತಳು. ಈ ಹೆಂಗಸು ಇಷ್ಟು ವರ್ಷದಲ್ಲಿ ತನಗಾಗಿ ಏನು ಕೇಳಿದ್ದಾಳೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಒಂದು ಮಿಕ್ಸಿ ನೆನಪಾಯಿತು. ಅದೂ ನನ್ನ ಚಟ್ನಿಗೇ.

"ಬರ್ತೀನಿ ನಡಿ," ಎಂದೆ. "ಮುಂದ್ಗಡೇನೇ ಕೂತ್ಕೋತೀನಿ. ಚನ್ನವೀರಯ್ಯನ್ ಮನೆ ಹಾಳಾಗ."

ತುಮಕೂರಿನ ಕಲ್ಯಾಣ ಮಂಟಪ. ವಧೂವರರು ಕೂರುವ ವೇದಿಕೆಗೇ ದೀಪದ ಸರ ಬಿಟ್ಟಿದ್ದರು. ಸುವರ್ಣ ವಿಭಾಗದಲ್ಲಿ ಒಂಬತ್ತು ಜನ. ತೀರ್ಪುಗಾರರಾಗಿ ಸೀರೆ ಅಂಗಡಿಯ ಮಾಲೀಕರೊಬ್ಬರು, ಒಬ್ಬ ಧಾರಾವಾಹಿ ನಟಿ, ನಿವೃತ್ತ ಲೇಡಿ ಡಾಕ್ಟರೊಬ್ಬರು. ನಿರೂಪಕ ಅಂಜನ್‌ಕುಮಾರ್ ಎಂಬ ತರುಣ, ಒಂದು ವಾಕ್ಯಕ್ಕೆ ಮೂರು ಸಲ 'ವಾವ್' ಎನ್ನುತ್ತಿದ್ದ. ಮುಂದಿನ ಸಾಲಿನಲ್ಲಿ ನಾನು, ನನ್ನ ಎಡಕ್ಕೆ ನಮ್ಮ ತಾಯಿ, ಬಲಕ್ಕೆ ಮಾನಸಾ. ಪೊಲೀಸರ ನಡುವೆ ಕೂತ ಹಾಗೇ ಇತ್ತು.

ವನಜ ಬಂದಳು. ಎಲೆಹಸಿರು ರೇಷ್ಮೆ ಸೀರೆ, ಕಾಲಿಗೆ ಅವಳದೇ ದಿನದ ಚಪ್ಪಲಿ. ಅಮ್ಮ ಹೇಳಿಕೊಟ್ಟ ಹಾಗೆ, ತಲೆಯ ಮೇಲೆ ಬಿಂದಿಗೆ ಇದ್ದವರ ಹಾಗೆ ನಿಧಾನವಾಗಿ, ನೆಟ್ಟಗೆ ನಡೆದು ಬಂದಳು. ಆಗ ನನಗೊಂದು ವಿಚಾರ ಹೊಳೆಯಿತು. ಇವಳು ನಡೆದು ಬರುವುದನ್ನು ನಾನು ಎದುರಿನಿಂದ ನೋಡಿಯೇ ಎಷ್ಟು ಕಾಲವಾಯಿತು! ಎಲ್ಲಿಗೆ ಹೋದರೂ ನಾನು ನಾಲ್ಕು ಹೆಜ್ಜೆ ಮುಂದೆ, "ಬೇಗ ಬಾರೇ" ಎಂದು ಕೂಗುತ್ತಾ. ಅವಳು ಬ್ಯಾಗು ಹಿಡಿದುಕೊಂಡು ಹಿಂದೆ. ಚೆನ್ನಾಗಿದ್ದಾಳೆ ನನ್ನ ಹೆಂಡತಿ, ನಿಜವಾಗಿಯೂ ಚೆನ್ನಾಗಿದ್ದಾಳೆ ಅನ್ನಿಸಿತು. ಯಾರಿಗಿಂತಲೂ ಮೊದಲು ನಾನೇ ಚಪ್ಪಾಳೆ ತಟ್ಟಿದ್ದೆನಂತೆ. ಮಾನಸಾ ಅದನ್ನೂ ವಿಡಿಯೋ ಮಾಡಿಟ್ಟಿದ್ದಾಳೆ.

ಆಮೇಲೆ ಪ್ರಶ್ನೆಯ ಸುತ್ತು. ಅಂಜನ್‌ಕುಮಾರ್ ಮೈಕ್ ಚಾಚಿ ಕೇಳಿದ: "ವಾವ್ ಮೇಡಂ! ಇದು ನಿಮ್ಮ ಮೊದಲನೇ ಸ್ಪರ್ಧೆ. ಹೇಗನ್ನಿಸ್ತಿದೆ?"

"ಮೊದಲ್ನೇದಲ್ಲ ಕಣಪ್ಪ. ಹದಿಮೂರನೇದು."

ಮಾನಸಾ ನನ್ನ ಮುಖ ನೋಡಿದಳು. ನಾನು ಅಮ್ಮನ ಮುಖ ನೋಡಿದೆ.

"ಮೊದಲ್ನೇ ಹನ್ನೆರಡು ಗುಬ್ಬೀಲಿ, ನಮ್ಮಪ್ಪನ ಮನೇಲೇ ನಡೀತು," ಎಂದಳು ವನಜ, ಪಕ್ಕದ ಮನೆಯವರ ಜೊತೆ ಮಾತಾಡುವಷ್ಟು ಸಲೀಸಾಗಿ. "ನಡೀಮ್ಮ ಅಂದ್ರು, ನಡ್ದೆ. ಹಾಡಮ್ಮ ಅಂದ್ರು, ಹಾಡ್ದೆ. ಜಡೆ ನಿಜವೋ ಚೌರಿಯೋ ಅಂತ ಎಳ್ದು ನೋಡಿದ್ರು. ಕಾಲು ಕುಂಟೇನೋ ಅಂತ ನೀರು ತರಕ್ಕೆ ಕಳ್ಸಿದ್ರು. ಹನ್ನೊಂದ್ ಗಂಡಿನ ಕಡೆಯೋರು 'ಊರಿಗೋಗಿ ತಿಳಿಸ್ತೀವಿ' ಅಂತ ಹೊರಟ್ರು. ಪಾಪ, ಇನ್ನೂ ಊರು ಸೇರಿಲ್ಲ ಅಂತ ಕಾಣ್ತದೆ."

ಮಂಟಪ ಬಿದ್ದು ಬಿದ್ದು ನಕ್ಕಿತು. "ಜಡೆ ಎಳ್ದೋಳು ನಾನೇ ಕಣ್ಲಾ," ಎಂದಳು ಅಮ್ಮ ನನ್ನ ಕಿವಿಯಲ್ಲಿ. ಅವಳಿಗೆ ಕಿವಿ ಮಂದವಾದ್ದರಿಂದ ಹಿಂದಿನ ನಾಲ್ಕು ಸಾಲಿಗೂ ಕೇಳಿಸಿತು.

ವನಜ ನಗು ಇಳಿಯುವವರೆಗೆ ಕಾದಳು. "ನಮ್ ಯಜಮಾನ್ರು ಇಂಥ ಸ್ಪರ್ಧೆ ತಪ್ಪು ಅಂತ ಭಾಷಣ ಮಾಡ್ತಾರೆ. ಸರಿಯಾಗೇ ಹೇಳ್ತಾರೆ. ಆದ್ರೆ ಅವಾಗ ನನ್ನ ಯಾರೂ ಕೇಳಿರ್ಲಿಲ್ಲ. ಇಲ್ಲಿಗೆ ನಾನೇ ಅರ್ಜಿ ಹಾಕಿ ಬಂದಿದೀನಿ. ಬೇಡ ಅನ್ಸಿದ್ರೆ ನಾನೇ ಇಳ್ದು ಹೋಗ್ಬೋದು. ಅವಾಗ ನಂಬರ್ ಕೊಟ್ಟೋರು ಬೇಕಾದಷ್ಟು ಜನ ಇದ್ರು, ಮೈಕ್ ಕೊಟ್ಟೋರು ಇರ್ಲಿಲ್ಲ. ಅಷ್ಟೇ ನಾನ್ ಹೇಳ್ಬೇಕಾಗಿದ್ದು."

ಚಪ್ಪಾಳೆಯೋ ಚಪ್ಪಾಳೆ. ನನ್ನ ಮೂವತ್ತು ವರ್ಷದ ಭಾಷಣಗಳಿಗೆಲ್ಲ ಸೇರಿಸಿದರೂ ಅಷ್ಟು ಬಿದ್ದಿರಲಿಕ್ಕಿಲ್ಲ. ಗೊರಕೆಯ ವಿಚಾರ ಬರಲಿಲ್ಲವೆಂದು ನಾನು ಉಸಿರು ಬಿಡುವಷ್ಟರಲ್ಲಿ ಆ ಅಂಜನ್‌ಕುಮಾರನಿಗೆ ದುರ್ಬುದ್ಧಿ ಬಂತು. "ಹನ್ನೆರಡನೇ ಸ್ಪರ್ಧೆಯ ಜಡ್ಜ್ ಸಾಹೇಬ್ರು ಇಲ್ಲೇ ಇದಾರಾ? ಸ್ಟೇಜಿಗೆ ಬರ್ಬೇಕು ಸಾರ್! ಮೇಡಂ ನಡ್ದಿದ್ದ ದಾರೀಲೇ ನಡ್ಕೊಂಡ್ ಬರ್ಬೇಕು!"

ನಡೆದೆ. ನಡೆಯದೆ ಉಪಾಯವಿರಲಿಲ್ಲ, ಮಾನಸಾ ಹಿಂದಿನಿಂದ ತಳ್ಳುತ್ತಿದ್ದಳು. ಹೊಟ್ಟೆ ಒಳಗೆಳೆದುಕೊಂಡು ಹತ್ತು ಹೆಜ್ಜೆ ಹಾಕುವುದರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತು. ಐನೂರು ಜನ ನೋಡುವಾಗ ಕೈಯನ್ನು ಎಲ್ಲಿಡಬೇಕೆಂಬುದೇ ಮರೆತುಹೋಗುತ್ತದೆ. ಇವಳು ಇದನ್ನು ಹನ್ನೆರಡು ಸಲ ಮಾಡಿದ್ದಳೇ!

"ಹನ್ನೊಂದು ಜನ ಬಿಟ್ಟೋರನ್ನ ನೀವು ಹೇಗೆ ಸೆಲೆಕ್ಟ್ ಮಾಡಿದ್ರಿ ಸಾರ್?"

ಮೈಕ್ ಕಂಡರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ಬಾಹ್ಯ ಸೌಂದರ್ಯವು ನಶ್ವರ. ನಾನು ಆಕೆಯ ಅಂತರಂಗದ ಗುಣವನ್ನು ಗುರುತಿಸಿ, ಒಪ್ಪಿ…"

ವನಜ ಮೈಕನ್ನು ಮೆಲ್ಲಗೆ ಈಸಿಕೊಂಡಳು.

"ಇವ್ರು ಒಪ್ಪಿದ್ದು ಆಮೇಲೆ. ಮೊದ್ಲು ಒಪ್ಪಿದ್ದು ನಾನು. ಎಲ್ರೂ ಏನೇನೋ ಕೇಳಿದ್ರು. ಇವ್ರೊಬ್ರೇ ನನ್ ಕಡೆ ತಿರುಗಿ 'ತಿಂಡಿ ಆಯ್ತಾ?' ಅಂತ ಕೇಳಿದ್ದು. ನಾನು ಬೆಳಗ್ಗಿಂದ ನಿಂತು ಬೋಂಡ ಕರ್ದಿದ್ದೆ, ಹೊಟ್ಟೆಗೇನೂ ಬಿದ್ದಿರ್ಲಿಲ್ಲ. ಒಳಗೋಗಿ ನಮ್ಮಪ್ಪಂಗೆ ಹೇಳ್ದೆ, ಈ ಗಂಡು ಆಗ್ಬೋದು ಅಂತ."

ಇಡೀ ಮಂಟಪ "ಆಹಾ" ಎಂದಿತು. ಲೇಡಿ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಿರೀಟ ತಿಪಟೂರಿನ ಹೆಂಗಸೊಬ್ಬರಿಗೆ ಹೋಯಿತು, ನಿಜ. ವನಜಳಿಗೆ 'ಅತ್ಯುತ್ತಮ ಮಾತುಗಾರ್ತಿ' ಪಟ್ಟಿ ತೊಡಿಸಿದರು. ಹೆಂಗಸರು ಸಾಲಾಗಿ ಬಂದು ನನಗೆ ಕೈಮುಗಿದರು. "ಇಂಥ ಗಂಡ ಸಿಗ್ಬೇಕು ಕಣ್ರೀ," ಎಂದರು. ನಾನು ಕಲ್ಲಿನ ಹಾಗೆ ನಿಂತಿದ್ದೆ.

ಏಕೆಂದರೆ ನಿಜ ಸಂಗತಿಯನ್ನು ನಿಮಗೊಬ್ಬರಿಗೇ ಹೇಳುತ್ತೇನೆ, ಅವತ್ತು ನಾನು ಅದನ್ನು ಕೇಳಲೇ ಇಲ್ಲ! ಗುಬ್ಬಿಯ ಆ ಮನೆಯಲ್ಲಿ ಕೊಟ್ಟ ಬೋಂಡ ಅಮೃತವಾಗಿತ್ತು. ಎರಡು ತಿಂದೆ, ತಟ್ಟೆ ಖಾಲಿ. ಇನ್ನೆರಡು ಸಿಕ್ಕೀತೇನೋ ಎಂಬ ಆಸೆಯಿಂದ "ತಿಂಡಿ ಆಗೋಯ್ತಾ?" ಎಂದು ಕೇಳಲು ಬಾಯಿ ತೆರೆದೆ. ಬಾಯಲ್ಲಿ ಇನ್ನೂ ಅರ್ಧ ಬೋಂಡ ಇತ್ತು. ಅದರ ಜೊತೆ ನಡುವಿನ 'ಗೋ' ಅಕ್ಷರವೂ ಗಂಟಲಲ್ಲಿ ಇಳಿದುಹೋಯಿತು. ಹೊರಗೆ ಬಂದದ್ದು "ಆಯ್ತಾ" ಮಾತ್ರ. ವ್ಯಾಕರಣದ ಮೇಷ್ಟ್ರು ನಾನು, ಮಕ್ಕಳಿಗೆ ಲೋಪಸಂಧಿ ಪಾಠ ಮಾಡುತ್ತೇನೆ. ನನ್ನ ಸಂಸಾರವೇ ಒಂದು ಲೋಪದ ಮೇಲೆ ನಿಂತಿದೆ ಎಂದು ಅವತ್ತು ಗೊತ್ತಾಯಿತು.

ಮಾನಸಾ ಅಜ್ಜಿಯನ್ನು ಕರೆದುಕೊಂಡು ಕಾರು ತರಲು ಹೋದಳು. ಮಂಟಪದ ಮೆಟ್ಟಿಲ ಮೇಲೆ ನಾವಿಬ್ಬರೇ. ಅವಳು ಆ ಪಟ್ಟಿಯನ್ನು ಬೆರಳಿನಿಂದ ನೇವರಿಸುತ್ತಿದ್ದಳು. ಸುಮ್ಮನಿದ್ದಿದ್ದರೆ ಸಾಯುವತನಕ ಒಳ್ಳೆಯ ಗಂಡನಾಗಿರುತ್ತಿದ್ದೆ. ಆದರೆ ಅಷ್ಟು ಜನದ ಮುಂದೆ ಅವಳು ಅಷ್ಟು ನಿಜ ಹೇಳಿದ ಮೇಲೆ ನನಗೆ ಸುಳ್ಳನ್ನು ಹೊದ್ದುಕೊಂಡು ಕೂರಲಾಗಲಿಲ್ಲ.

"ವನಜಾ, ಬೈಬೇಡ. ಅವತ್ತು ನಾನ್ ಕೇಳಿದ್ದು ನಿನ್ ತಿಂಡಿ ವಿಚಾರ ಅಲ್ಲ…"

"ಬೋಂಡ ಆಗೋಯ್ತಾ ಅಂತ ತಾನೆ? ಗೊತ್ತು ಬಿಡಿ."

"ಗೊತ್ತಾ! ಯಾವಾಗಿಂದ?"

"ಅವತ್ತಿಂದ್ಲೇ. ಬಾಯ್ತುಂಬ ಇಟ್ಕೊಂಡು ಬರೀ ತಟ್ಟೆ ನೋಡ್ತಾ ಕೇಳಿದ್ರೆ ಯಾರಿಗ್ ಗೊತ್ತಾಗಲ್ಲ?"

"ಮತ್ಯಾಕೆ ಒಪ್ಕೊಂಡೆ ಮಾರಾಯ್ತಿ? ಇವತ್ಯಾಕೆ ಎಲ್ರ ಮುಂದೆ ಹಂಗ್ ಹೇಳ್ದೆ?"

"ಇವತ್ತು ನಿಮ್ ಮರ್ಯಾದೆ ಉಳಿಸ್ದೆ." ಪಟ್ಟಿಯನ್ನು ಮಡಚಿ ಬ್ಯಾಗಿಗೆ ಹಾಕಿದಳು. "ಅವತ್ತು, ಹನ್ನೊಂದ್ ಸಲ ಬಂದೋರೆಲ್ಲ ನನ್ ಬಣ್ಣ ನೋಡಿದ್ರು, ಮೂಗು ನೋಡಿದ್ರು, ಕಾಲು ನೋಡಿದ್ರು. ನಾನ್ ಮಾಡಿದ್ದನ್ನ ಯಾರೂ ನೋಡ್ಲಿಲ್ಲ. ನೀವು ನನ್ನ ನೋಡ್ಲೇ ಇಲ್ಲ. ನನ್ ಬೋಂಡ ನೋಡಿದ್ರಿ. ನಂಗೆ ಅಷ್ಟು ಖುಷಿ ಆಯ್ತು."

ನನ್ನ ಕಣ್ಣು ತುಂಬಿ ಬಂತು. ಹೆಗಲ ಮೇಲೆ ಕೈ ಹಾಕಿದೆ, ರಸ್ತೆಯ ಜನರ ಎದುರಿಗೇ. ಅವಳು ಕೊಸರಲಿಲ್ಲ. ಆಮೇಲೆ, ತಡೆಯಲಾರದೆ, ಇಪ್ಪತ್ತೇಳು ವರ್ಷದಿಂದ ಗಂಟಲಲ್ಲಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

"ಹೌದೂ, ಅವತ್ತು ನಿಜವಾಗ್ಲೂ ಬೋಂಡ ಆಗೋಗಿತ್ತಾ?"

"ಎಲ್ಲಿ ಆಗೋಗಿತ್ತು? ಇನ್ನೂ ಒಂದ್ ಬುಟ್ಟಿ ಇತ್ತು," ಎಂದಳು ವನಜ. "ಹನ್ನೊಂದ್ ಸಲ ಕರ್ದಿದ್ದೆಲ್ಲ ದಂಡ ಆಗಿತ್ತಲ್ಲ. ಗಂಡು ಒಪ್ಪಿದ್ ಮೇಲೆ ಮಿಕ್ಕಿದ್ ಬಡಿಸಣ ಅಂತ ಅಪ್ಪ ಎತ್ತಿಟ್ಟಿದ್ರು. ನೀವು ಮುಹೂರ್ತ ಇಟ್ಕೊಂಡು, ಬುಟ್ಟಿ ಹೊರಗೆ ತರೋಷ್ಟ್ರಲ್ಲೇ ಎದ್ದೋಗ್ಬಿಟ್ರಿ."