ಹುಲುಗಮ್ಮ ನನಗೆ ಏನಾಗಬೇಕು

ಸಿರುಗುಪ್ಪ, ಮಾರ್ಚ್ ೧೯೫೧

ಮನೆ ಮನೆ ತಿರುಗಿ ಜನರನ್ನು ಎಣಿಸುವ ಶ್ರೀಮಾನ್ ತಿಪ್ಪೇರುದ್ರಪ್ಪನವರ ಸನ್ನಿಧಿಗೆ, ಹೆಣ್ಣುಮಕ್ಕಳ ಶಾಲೆಯ ಮಾಜಿ ಉಪಾಧ್ಯಾಯಿನಿ ವಿಜಯಾಬಾಯಿ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಕಳೆದ ತಿಂಗಳು ತಾವು ಬಿಸಿಲಿನಲ್ಲಿ ನಮ್ಮ ಮನೆಗೆ ದಯಮಾಡಿಸಿ, ಎರಡು ಲೋಟ ಮಜ್ಜಿಗೆ ಸ್ವೀಕರಿಸಿ, ನಮ್ಮಿಬ್ಬರನ್ನೂ ತಪ್ಪಿಲ್ಲದೆ ಇಬ್ಬರೆಂದೇ ಎಣಿಸಿದ್ದಕ್ಕೆ ಕೃತಜ್ಞಳು. ತೊಂದರೆಯಾದದ್ದು ಅದರ ಮುಂದಿನ ಕಾಲಮಿನಲ್ಲಿ. ಹುಲುಗಮ್ಮ ನನಗೆ ಏನಾಗಬೇಕೆಂದು ತಾವು ಕೇಳಿದಿರಿ. ನಾನು ತಡವರಿಸುತ್ತಿರುವಾಗ ಅವಳೇ ಹೇಳಿದಳು: “ಆಕಿ ನನ್ನಾಕಿ, ನಾನು ಆಕಿಯಾಕಿ. ಆರು ವರ್ಷಾತು. ಬರ್ಕೋರಿ.” ತಾವು ಕೆಮ್ಮಿ, ‘ಅಡುಗೆಯವಳು’ ಎಂದು ಬರೆದಿರಿ.

ಹುಲುಗಮ್ಮನಿಗೆ ಸೀಯಿಸದೆ ಅನ್ನ ಇಳಿಸಲು ಬಾರದು, ಅಡುಗೆ ನನ್ನದು. ಅದನ್ನು ಅರಿಕೆ ಮಾಡಿದಾಗ ಹೊಡೆದುಹಾಕಿ ‘ಬಾಡಿಗೆಯವಳು’ ಎಂದಿರಿ. ಮನೆ ಅವಳದು, ರಾರಾವಿಯ ತನ್ನ ಪಾಲಿನ ಹೊಲ ಮಾರಿ ಕಟ್ಟಿಸಿದ್ದು. ಹಾಗಾದರೆ ಬಾಡಿಗೆಯವಳು ನಾನೇ ಇರಬೇಕು ಎಂದಾಗ ತಾವು ಪೆನ್ನು ಕೆಳಗಿಟ್ಟು, “ನೀವು ಗಂಡ ಸತ್ತೋರಲ್ಲೇನ್ರಿ, ಅಮ್ಮಾರೆ?” ಎಂದಿರಿ.

ಹೌದು, ಮಾನ್ಯರೇ. ಬಳ್ಳಾರಿಯಲ್ಲಿ ರೈಲ್ವೆ ಗುಮಾಸ್ತರಾಗಿದ್ದ ನನ್ನ ಯಜಮಾನರಾದ ಗೋಪಾಲಕೃಷ್ಣರಾಯರನ್ನು, ವಿಷಮಜ್ವರ ಅವರನ್ನು ಒಯ್ಯುವವರೆಗೆ, ಒಂಬತ್ತು ವರ್ಷ ಮನಸಾರೆ ಪ್ರೀತಿಸಿದೆ. ಅವರ ಸೈಕಲ್ಲಿನ ಗಂಟೆ ಕೇಳಿದರೆ ಕೈಯಲ್ಲಿದ್ದ ಸೌಟು ಬೀಳುತ್ತಿತ್ತು. ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮೇಲೆ ರವಿಕೆ ಹೊಲಿಯುವ ಹುಲುಗಮ್ಮನ ಪರಿಚಯವಾಯಿತು, ಸೌಟು ಮತ್ತೆ ಬೀಳತೊಡಗಿತು. ಒಂದು ನಿಜ, ಇನ್ನೊಂದು ಭ್ರಮೆ ಎಂದಿದ್ದರೆ ತಮಗೆ ಬರೆದುಕೊಳ್ಳಲು ಸುಲಭವಾಗುತ್ತಿತ್ತು. ಎರಡೂ ನಿಜವಾಗಿರುವುದಕ್ಕೆ ಕ್ಷಮೆ ಕೋರುತ್ತೇನೆ. ಹುಲುಗಮ್ಮನ ಕಥೆ ಬೇರೆ. ನೋಡಲು ಬಂದ ಮೂವರು ವರರನ್ನೂ ಅವಳು ಬಾಗಿಲಿನಿಂದಲೇ ಕಳಿಸಿದವಳು. ನಮ್ಮಿಬ್ಬರಿಗೂ ಒಂದೇ ಪದ ಹೊಂದುವುದಿಲ್ಲ.

ಬರೆಯಲಾಗದ್ದನ್ನು ತಾವು ಬಸ್ ನಿಲ್ದಾಣದ ಹೋಟೆಲಿನಲ್ಲಿ ಬಾಯಿಮಾತಿನಲ್ಲೇ ಊರಿಗೆ ತಿಳಿಸಿದ ಕಾರ್ಯದಕ್ಷತೆ ಮೆಚ್ಚತಕ್ಕದ್ದು. ಶಾಲೆಯ ಕಮಿಟಿಯವರು ನನ್ನನ್ನು ಕರೆಸಿ, ಆ ಮನೆಯನ್ನಾದರೂ ಬಿಡಿ, ಕೆಲಸವನ್ನಾದರೂ ಬಿಡಿ ಎಂದರು. ಹುಲುಗಮ್ಮ ಆ ದಿನ ಉಣ್ಣಲಿಲ್ಲ. “ನನ್ನ ಸಲುವಾಗಿ ಸಾಲಿ ಬಿಡಬ್ಯಾಡ್ರಿ, ಬಾಯಾರ” ಎಂದಳು. ಆರು ವರ್ಷದಲ್ಲಿ ಅವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅದೊಂದನ್ನು ತಾಳಲಾರದೆ ಮರುದಿನವೇ ರಾಜೀನಾಮೆ ಕೊಟ್ಟೆ. ಈ ಊರಿನ ಬಾಯಿ ಸಾಕಾಗಿದೆ, ಯುಗಾದಿ ಕಳೆದ ಮೇಲೆ ಇಬ್ಬರೂ ಕುರುಗೋಡಿನಲ್ಲಿರುತ್ತೇವೆ. ಅವಳ ಹೊಲಿಗೆ ಯಂತ್ರ ಜಗಲಿಯಲ್ಲಿ, ನನ್ನ ಮನೆಪಾಠ ಪಡಸಾಲೆಯಲ್ಲಿ.

ತಮ್ಮಲ್ಲಿ ಬಿನ್ನಹವಿಷ್ಟೇ. ಮುಂದಿನ ಗಣತಿಯ ಹೊತ್ತಿಗೆ ಆ ಕಾಲಮನ್ನು ಕೆಂಚನಗುಡ್ಡದ ಹತ್ತಿರ ಹೊಳೆ ಇರುವಷ್ಟು ಅಗಲ ಮಾಡಿಸಬೇಕು. ಆಗದಿದ್ದರೆ ಪೆನ್ಸಿಲಿನಲ್ಲಿ ಬರೆಯಲು ಅಪ್ಪಣೆ ತರಬೇಕು. ಅದೂ ಆಗದಿದ್ದರೆ, ಒಂದು ಗಣತಿಯಿಂದ ಇನ್ನೊಂದು ಗಣತಿಯವರೆಗೆ ಯಾರ ಮನಸ್ಸೂ ಕದಲಕೂಡದೆಂದು ತಾಲ್ಲೂಕಿನಲ್ಲಿ ಡಂಗುರ ಸಾರಿಸಬೇಕು.

ಎಣಿಕೆಗೆ ಸಿಕ್ಕಿಯೂ ಹೆಸರಿಗೆ ಸಿಗದ
ತಮ್ಮ ವಿಶ್ವಾಸಿ,
ವಿಜಯಾಬಾಯಿ

ತಾ.ಕ.: ಮೆಟ್ಟಿಲಿಳಿಯುವಾಗ ತಾವು ಹಿಂದಿರುಗಿ ನೋಡಿ, “ಹಿಂಗೂ ಇರಾಕ ಬರ್ತೈತೇನ್ರಿ?” ಎಂದು ಮೆಲ್ಲಗೆ ಕೇಳಿದಿರಿ. ಆ ಪ್ರಶ್ನೆ ತಮ್ಮ ಕಾಗದದಲ್ಲಿ ಅಚ್ಚಾಗಿರಲಿಲ್ಲ. ಸ್ವಂತಕ್ಕೇ ಕೇಳಿದಿರೆಂದು ತಿಳಿದಿದ್ದೇನೆ. ಬರುತ್ತದೆ, ಮಾನ್ಯರೇ. ಕುರುಗೋಡಿಗೆ ಬಂದಾಗ ನೋಡಿಹೋಗಿ. ಯಾರನ್ನು ಬೇಕಾದರೂ ಜೊತೆಗೆ ಕರೆತನ್ನಿ. ಅವರು ತಮಗೆ ಏನಾಗಬೇಕೆಂದು ನಾವು ಕೇಳುವುದಿಲ್ಲ, ಹೋಟೆಲಿನಲ್ಲಿ ಹೇಳುವುದೂ ಇಲ್ಲ.