ಬೇಟೆನಾಯಿಗೆ ಸಂಸಾರದ ಅಂಕ

ಹದಿಮೂರನೆಯ ದಿನದ ಬೊಜ್ಜದ ಉತ್ತರಕ್ರಿಯೆ ಮುಗಿಸಿ ಊರಿನಿಂದ ಮಸ್ಕತ್ತಿಗೆ ಮರಳಿದ ಮರುದಿನ, ಬೆಳಿಗ್ಗೆ ಆರೂವರೆಗೆ, ಭವ್ಯಶ್ರೀಯ ಮನೆಯ ಕರೆಗಂಟೆ ಹೊಡೆಯಿತು. ಬಾಗಿಲು ತೆರೆದರೆ ಎದುರು ಫ್ಲ್ಯಾಟಿನ ಕ್ಯಾರೋಲಿನ್. ಅವಳ ಒಂದು ಕೈಯಲ್ಲಿ ಇಡ್ಲಿಯ ಪಾತ್ರೆ, ಇನ್ನೊಂದು ಕೈಯಲ್ಲಿ ನಾಯಿ.

“ತಗೋ ಭವ್ಯಾ, ನಿನ್ನ ನಾಯಿ,” ಎಂದಳು ಕ್ಯಾರೋಲಿನ್. “ಹದಿನೆಂಟು ದಿನ ನೋಡಿಕೊಂಡೆ. ನಿನ್ನ ದುಃಖದ ಎದುರು ಇದೆಲ್ಲ ಎಂತ ಅಂತ ಸುಮ್ಮನಿದ್ದೆ. ಆದರೆ ಸೋಫಾದ ಒಂದು ಕೈ ತಿಂದಾಯ್ತು ಮಾರಾಯ್ತಿ. ಇನ್ನೊಂದಾದರೂ ಉಳಿಯಬೇಕಲ್ಲ?”

ಬಿಳಿ ಮೈ, ಕಂದು ಮಚ್ಚೆ, ಉದ್ದ ಕಾಲು, ಜೋಲು ಕಿವಿ. ಒಳಗೆ ಬಂದ ನಾಯಿ ಎರಡೂ ಕೋಣೆಗಳನ್ನು ಮೂಸಿ, ಮರಳಿ ಬಂದು ಭವ್ಯಶ್ರೀಯ ಎದುರು ಕುಳಿತಿತು, ಸಂದರ್ಶನಕ್ಕೆ ಬಂದ ಅಭ್ಯರ್ಥಿಯ ಹಾಗೆ. ಕೇಳಲು ಅವಳ ಹತ್ತಿರ ಯಾವ ಪ್ರಶ್ನೆಯೂ ಇರಲಿಲ್ಲ.

ನಾಯಿಯನ್ನು ತಂದವನು ಅವಳ ಗಂಡ ಶ್ರವಣ್. ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯ ಒಂದು ಟೈಲ್ಸ್ ಶೋರೂಮಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ ಅವನು ಸೊಳ್ಳೆ ಬ್ಯಾಟನ್ನೂ ಕಣ್ಣು ಮುಚ್ಚಿ ಬೀಸುತ್ತಿದ್ದ ಮನುಷ್ಯ. ಅಂಥವನು ಒಂದು ಸಂಜೆ ಹಕ್ಕಿ ಬೇಟೆಯ ನಾಯಿಯನ್ನು ಹಿಡಿದುಕೊಂಡು, ನಪಾಸಾದ ಹುಡುಗನ ಮುಖ ಹೊತ್ತು ಬಾಗಿಲಲ್ಲಿ ನಿಂತಿದ್ದ. “ಸ್ವಲ್ಪ ದಿನ ಇರಲಿ ಭವ್ಯಾ. ನೋಡುವಾ,” ಎಂದಿದ್ದ. ಎರಡು ಕೋಣೆಯ ಮನೆಯಲ್ಲಿ ನಾಯಿಯೇ ಎಂದು ಭವ್ಯಶ್ರೀ ಸಿಟ್ಟಾದಳು. ಮುಂದಿನ ಮೂರು ದಿನ ಗಂಡನ ಜೊತೆ ಅವಳು ಆಡಿದ ಮಾತೆಲ್ಲ ಹಾಲು ಮತ್ತು ಉಪ್ಪಿನ ಬಗ್ಗೆ. ನಾಲ್ಕನೆಯ ದಿನ ಶ್ರವಣ್ ಟೈಲ್ಸಿನ ರಟ್ಟಿನ ಪೆಟ್ಟಿಗೆಗಳ ನಡುವೆ ಕುಳಿತವನು ಏಳಲಿಲ್ಲ. ಅವನಿಗೆ ಮೂವತ್ತನಾಲ್ಕು.

ಕ್ಯಾರೋಲಿನ್ ನಾಯಿಯನ್ನು ಮರಳಿಸಿದ ಆ ದಿನ ಶುಕ್ರವಾರ. ಅವಳು ಕೆಮಿಸ್ಟ್ರಿ ಕಲಿಸುವ ಶಾಲೆಗೆ ರಜೆ ಇತ್ತು, ನಾಯಿಯ ಹೊಟ್ಟೆಗೆ ಇರಲಿಲ್ಲ. ಅದನ್ನು ಹೊರಗೆ ಕರೆದೊಯ್ಯಲು ಅವಳು ಮೆಟ್ಟಿಲು ಇಳಿದಳು. ತಿರುವಿನಲ್ಲಿ ಮೇಲಿನ ಮಾಳಿಗೆಯ ಲೋಲಾಕ್ಷಕ್ಕ ಹಾಲಿನ ಪ್ಯಾಕೆಟ್ ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದರು.

ನಾಯಿ ತಟ್ಟನೆ ನಿಂತಿತು. ಮುಂಗಾಲು ಒಂದು ಗಾಳಿಯಲ್ಲಿ, ಬಾಲ ಕೋಲಿನಂತೆ ಸೆಟೆದು, ಮೂಗು ಮುಂದಕ್ಕೆ. ಉಸಿರೂ ಇದೆಯೋ ಇಲ್ಲವೋ.

“ಭವ್ಯಾ,” ಲೋಲಾಕ್ಷಕ್ಕ ತುಟಿ ಅಲ್ಲಾಡಿಸದೆ ಹೇಳಿದರು, “ಇದು ಎಂತ ನೋಡುವುದು?”

“ಗೊತ್ತಿಲ್ಲ ಅಕ್ಕ.”

“ನನ್ನನ್ನಲ್ಲ. ನನ್ನ ಹಿಂದೆ ನೋಡುವುದು.” ಅವರ ದನಿ ಸಣ್ಣದಾಯಿತು. “ನಾಯಿಗಳ ಕಣ್ಣಿಗೆ ಬೀಳ್ತದಂತೆ. ಶ್ರವಣ ಬಂದಿದ್ದಾನೆ ಮಾರಾಯ್ತಿ!”

ಎಂ.ಎಸ್ಸಿ. ಓದಿದವಳು ಭವ್ಯಶ್ರೀ. ಆದರೂ ನೋಡಿಯೇಬಿಟ್ಟಳು. ಲೋಲಾಕ್ಷಕ್ಕನ ಹಿಂದೆ ಒಂದು ಕಿಟಕಿ ಇತ್ತು. ಕಿಟಕಿಯಲ್ಲಿ ಒಂದು ಪಾರಿವಾಳ ಇತ್ತು. ಬೇರೆ ಯಾರೂ ಇರಲಿಲ್ಲ.

ಹೆಂಡತಿಯ ಸ್ವರ ಕೇಳಿ ದೂಮಪ್ಪಣ್ಣ ಲುಂಗಿಯಲ್ಲೇ ಓಡಿ ಬಂದರು. ಕರಾವಳಿಯವರ ಸಂಘಕ್ಕೆ ಒಂಬತ್ತು ವರ್ಷದಿಂದ ಅಧ್ಯಕ್ಷರಾಗಿರುವ ಅವರಿಗೆ ಏನನ್ನೂ ನೋಡುವ ಮೊದಲೇ ತೀರ್ಮಾನ ಹೇಳುವ ಅಭ್ಯಾಸ. “ಅಯ್ಯೋ, ಕೈಕಾಲು ಮರಗಟ್ಟಿದೆ! ಇದಕ್ಕೂ ಹಾರ್ಟ್ ಅಟ್ಯಾಕ್!”

‘ಇದಕ್ಕೂ’ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ಕೇಳಿಸಿತು. ನಾಯಿ, ಲೋಲಾಕ್ಷಕ್ಕ, ದೂಮಪ್ಪಣ್ಣ ಮೂವರೂ ಬಟ್ಟೆ ಅಂಗಡಿಯ ಗೊಂಬೆಗಳಂತೆ ನಿಂತರು.

ಕ್ಯಾರೋಲಿನಳ ಗಂಡ ಪೀಟರ್ ಬಂದು, ಚಪ್ಪಾಳೆ ತಟ್ಟಿ ಪಾರಿವಾಳವನ್ನು ಹಾರಿಸಿದ. ನಾಯಿ ಕಾಲು ಕೆಳಗಿಟ್ಟಿತು. ಲೋಲಾಕ್ಷಕ್ಕ ಹಾಲಿನ ಪ್ಯಾಕೆಟಿನ ಮೇಲೆ ಕುಳಿತುಬಿಟ್ಟರು.

“ಇದು ಪಾಯಿಂಟರ್,” ಎಂದ ಪೀಟರ್ ಗತ್ತಿನಿಂದ. “ಹಕ್ಕಿ ಇರುವ ಕಡೆ ಮೂಗು ಮಾಡಿ ನಿಲ್ಲುವುದೇ ಅದರ ಕೆಲಸ. ಹಕ್ಕಿ ಹಾರುವವರೆಗೆ ಅಲ್ಲಾಡುವುದಿಲ್ಲ.”

“ಅಲ್ಲಾಡದೆ ನಿಲ್ಲುವುದು ಒಂದು ಕೆಲಸವಾ?” ಎಂದರು ದೂಮಪ್ಪಣ್ಣ. “ನಮ್ಮ ಆಫೀಸಿನಲ್ಲೂ ಇಂಥವರು ನಾಲ್ಕು ಜನ ಇದ್ದಾರೆ.”

ಒಂಬತ್ತು ಗಂಟೆಗೆ ಭವ್ಯಶ್ರೀಯ ಮನೆಯಲ್ಲೇ ಸಭೆ ಸೇರಿತು. ಅವಳನ್ನು ಯಾರೂ ಕೇಳಿರಲಿಲ್ಲ. ದೂಮಪ್ಪಣ್ಣ ಶ್ರವಣನ ಕುರ್ಚಿಯಲ್ಲಿ ಕುಳಿತರು. ಭವ್ಯಶ್ರೀ ಎಲ್ಲರಿಗೂ ಚಹಾ ಮಾಡಿದಳು. ಚಹಾ ಮಾಡುವಷ್ಟು ಹೊತ್ತು ಏನನ್ನೂ ಯೋಚಿಸಬೇಕಾಗಿಲ್ಲ ಎಂಬುದನ್ನು ಅವಳು ಹದಿನೆಂಟು ದಿನಗಳಲ್ಲಿ ಕಲಿತಿದ್ದಳು.

“ಒಬ್ಬಳೇ ಇರುವ ಹೆಣ್ಣಿನ ಮನೆಗೆ ಅಲ್ಸೇಷನ್ ಬೇಕು,” ಎಂದರು ದೂಮಪ್ಪಣ್ಣ. “ಇದನ್ನು ಕೊಟ್ಟು ಅದನ್ನು ತರುವಾ.”

“ಹಕ್ಕಿ ಬೇಟೆಗೂ ಆಗಬೇಕು, ಮನೆಗೂ ಆಗಬೇಕು ಅಂದರೆ ಸ್ಪ್ಯಾನಿಯಲ್,” ಎಂದ ಪೀಟರ್. “ಶಿರ್ವದಲ್ಲಿ ನಮ್ಮ ಅಜ್ಜನ ಹತ್ತಿರ ಇತ್ತು. ಗದ್ದೆಗೆ ಹೋದರೆ ಹಕ್ಕಿ ಹಿಡಿಯದೆ ಬಂದದ್ದಿಲ್ಲ.”

“ನಿಮ್ಮ ಅಜ್ಜನ ಹತ್ತಿರ ಇದ್ದದ್ದು ಬೀದಿ ನಾಯಿ,” ಎಂದಳು ಕ್ಯಾರೋಲಿನ್. “ಅದು ಹಿಡಿದದ್ದು ಪಕ್ಕದ ಮನೆಯ ಕೋಳಿ. ಅದಕ್ಕೆ ಜಗಳ ಆದದ್ದು ನಿಮ್ಮ ಅಮ್ಮನೇ ಹೇಳಿದ್ದಾರೆ.”

“ಲ್ಯಾಬ್ರಡಾರ್ ಆದರೆ ಪಾಪ,” ಎಂದರು ಲೋಲಾಕ್ಷಕ್ಕ. “ಸೀರಿಯಲ್‌ನಲ್ಲೆಲ್ಲ ಅದೇ ಇರುವುದು.”

“ಬೇಟೆಗೆ ಯಾರು ಹೋಗುವುದು?” ಎಂದು ಕೇಳಿದಳು ಭವ್ಯಶ್ರೀ.

ಎಲ್ಲರೂ ಚಹಾ ಕುಡಿದರು.

ಕೊನೆಗೆ ದೂಮಪ್ಪಣ್ಣ ಗಂಟಲು ಸರಿಮಾಡಿಕೊಂಡರು. “ನೋಡು ಭವ್ಯಾ, ನಿನ್ನ ಒಳ್ಳೆಯದಕ್ಕೇ ಹೇಳುವುದು. ಬಿಲ್ಡಿಂಗಿನ ಓನರಿಗೆ ಹೇಳಿ ಅಂತ ಏಜೆಂಟನಿಗೆ ಆಗಲೇ ಫೋನ್ ಮಾಡಿದ್ದೇನೆ. ನಾಲ್ಕು ಗಂಟೆಗೆ ಓನರೇ ಬಂದು ನೋಡುತ್ತಾರಂತೆ. ಜನರಿಗೆ ತೊಂದರೆ ಉಂಟು ಅಂತಾದರೆ ನಾಯಿಯನ್ನು ತೆಗೆಸುತ್ತಾರೆ. ಖಲಾಸ್. ನೀನು ಅದರ ಇಂಜೆಕ್ಷನ್ ಪುಸ್ತಕ ಹುಡುಕಿ ಇಡು.”

ಬಿಲ್ಡಿಂಗಿನ ಓನರ್ ಒಬ್ಬ ಒಮಾನಿ ಎಂಬುದರ ಹೊರತು ಅವನ ಬಗ್ಗೆ ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಬಾಡಿಗೆಯಿಂದ ಹಿಡಿದು ನಲ್ಲಿಯ ರಿಪೇರಿವರೆಗೆ ಎಲ್ಲಕ್ಕೂ ಏಜೆಂಟನೇ ಬರುತ್ತಿದ್ದ. ಹನ್ನೆರಡು ವರ್ಷ ಅಲ್ಲೇ ಇದ್ದ ದೂಮಪ್ಪಣ್ಣನೂ ಓನರನ ಮುಖ ಕಂಡಿರಲಿಲ್ಲ.

ಭವ್ಯಶ್ರೀ ಒಳಕೋಣೆಗೆ ಹೋದಳು. ಹೋಗಲಿ, ಒಂದು ಕಾಟ ಕಳೆಯಲಿ ಎಂದುಕೊಂಡೇ ಶ್ರವಣನ ಬ್ಯಾಗಿಗೆ ಕೈ ಹಾಕಿದಳು. ಇಂಜೆಕ್ಷನ್ ಪುಸ್ತಕ ಸಿಗಲಿಲ್ಲ. ಅವನ ಕೈಬರಹದ ಒಂದು ಹಾಳೆ ಸಿಕ್ಕಿತು. ಸ್ಕೇಲು ಇಟ್ಟು ಗೆರೆ ಎಳೆದ ಪಟ್ಟಿ. ಎಡಗಡೆ ನಾಯಿಗಳ ಜಾತಿ, ಪಕ್ಕದಲ್ಲಿ ಎರಡು ಕಾಲಂ: ಬೇಟೆ, ಸಂಸಾರ. ಹತ್ತಕ್ಕೆ ಅಂಕ.

ಸೆಟ್ಟರ್. ಬೇಟೆಗೆ ಒಂಬತ್ತು, ಸಂಸಾರಕ್ಕೆ ನಾಲ್ಕು. ‘ಉದ್ದ ಕೂದಲು. ಭವ್ಯಾ ಈಗಲೇ ದಿನಕ್ಕೆ ಎರಡು ಸಲ ಗುಡಿಸುತ್ತಾಳೆ.’

ಸ್ಪ್ಯಾನಿಯಲ್. ಬೇಟೆಗೆ ಎಂಟು, ಸಂಸಾರಕ್ಕೆ ಐದು. ‘ಒಂದು ಕಡೆ ಕೂರುವುದಿಲ್ಲ. ಭವ್ಯಾ ಪೇಪರ್ ತಿದ್ದುವಾಗ ಕಷ್ಟ.’

ಲ್ಯಾಬ್ರಡಾರ್. ಬೇಟೆಗೆ ಏಳು, ಸಂಸಾರಕ್ಕೆ ಎಂಟು. ‘ಬಿದ್ದ ಹಕ್ಕಿಯನ್ನು ಹೆಕ್ಕಿ ತರುವುದರಲ್ಲಿ ಜಾಣ, ಹಕ್ಕಿ ಎಲ್ಲಿದೆ ಅಂತ ತೋರಿಸುವುದರಲ್ಲಿ ಅಷ್ಟಕ್ಕಷ್ಟೆ. ಎಲ್ಲರ ಮೈಮೇಲೂ ಬೀಳುತ್ತದೆ. ಭವ್ಯಾಳಿಗೆ ಅದು ಆಗದು.’

ಪಾಯಿಂಟರ್. ಬೇಟೆಗೆ ಹತ್ತು. ಸಂಸಾರದ ಕಾಲಂ ಖಾಲಿ. ಪಕ್ಕದಲ್ಲಿ ಬರೆದಿದ್ದ: ‘ಗಿಡ್ಡ ಕೂದಲು. ಮನೆಯೊಳಗೆ ಸದ್ದಿಲ್ಲ. ಭವ್ಯಾಳಿಗೆ ಸುಮ್ಮನಿರುವವರು ಇಷ್ಟ. ಅಂಕ ಅವಳೇ ಹಾಕಲಿ.’

ಹಾಲು ಮತ್ತು ಉಪ್ಪಿನ ಆ ಮೂರು ದಿನ ಅವನು ಅಂಕಕ್ಕಾಗಿ ಕಾಯುತ್ತಿದ್ದ. ಭವ್ಯಶ್ರೀ ಮಂಚದ ಅಂಚಿನಲ್ಲಿ ಕುಳಿತಳು. ನಾಯಿ ಬಂದು ಅವಳ ಪಾದದ ಮೇಲೆ ಗಲ್ಲ ಇಟ್ಟಿತು.

ಹೊರಗೆ ಬಂದು ಅವಳು ಹೇಳಿದ್ದು ಎರಡೇ ಮಾತು. “ನಾಯಿ ಹೋಗುವುದಿಲ್ಲ.”

“ಅದು ಹೇಗೆ?” ಎಂದರು ದೂಮಪ್ಪಣ್ಣ. ಅವಳು ಹಾಳೆಯನ್ನು ಕೊಟ್ಟಳು. ಅದು ಕೈಯಿಂದ ಕೈಗೆ ಹೋಯಿತು. ಲೋಲಾಕ್ಷಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಕ್ಯಾರೋಲಿನ್ ಗಂಡನ ಕಡೆ ತಿರುಗಿದಳು. “ನೋಡಿ ಕಲಿತುಕೊಳ್ಳಿ. ಹದಿನಾರು ವರ್ಷದಲ್ಲಿ ನೀವು ನನ್ನ ಬಗ್ಗೆ ಒಂದು ಸಾಲು ಬರೆದದ್ದುಂಟಾ? ವೀಸಾ ಫಾರ್ಮ್ ಬಿಟ್ಟು?”

ದೂಮಪ್ಪಣ್ಣ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿದರು. “ಹಿಂದಿನ ತೀರ್ಮಾನ ರದ್ದು,” ಎಂದರು. “ನಾಲ್ಕು ಗಂಟೆಗೆ ಎಲ್ಲರೂ ಇಲ್ಲಿ ಇರಬೇಕು. ಓನರ್ ಕೇಳಿದರೆ ನಾಯಿಯಿಂದ ಯಾರಿಗೂ ಎಳ್ಳಷ್ಟೂ ತೊಂದರೆ ಇಲ್ಲ. ಗೊತ್ತಾಯ್ತಾ? ಲೋಲಾಕ್ಷಿ, ನೀನು ಅದನ್ನು ಮುಟ್ಟಿ ತೋರಿಸಬೇಕು.”

“ನಾನಾ?”

“ಸಂಘದ ಅಧ್ಯಕ್ಷರ ಹೆಂಡತಿ ನೀನು.”

ಮಧ್ಯಾಹ್ನವಿಡೀ ತಯಾರಿ ನಡೆಯಿತು. ಕ್ಯಾರೋಲಿನ್ ತನ್ನ ಸೋಫಾದ ಮೇಲೆ ಬೆಡ್‌ಶೀಟ್ ಹೊದೆಸಿ ಬಂದಳು. ಪೀಟರ್ ನಾಯಿಗೆ ಸ್ನಾನ ಮಾಡಿಸಿದ, ನಾಯಿಯೂ ಪೀಟರನಿಗೆ ಮಾಡಿಸಿತು. ಲೋಲಾಕ್ಷಕ್ಕ ಬಿಸಿ ತವಾ ಮುಟ್ಟುವ ಹಾಗೆ ಬೆರಳ ತುದಿಯಿಂದ ನಾಯಿಯನ್ನು ಮುಟ್ಟುವ ಅಭ್ಯಾಸ ಮಾಡಿದರು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕೆಳಗೆ ದೊಡ್ಡ ಬಿಳಿ ಕಾರೊಂದು ನಿಂತಿತು. ಬಿಳಿ ದಿಶ್‌ದಾಶ ನಿಲುವಂಗಿ ತೊಟ್ಟ ಐವತ್ತರ ಒಮಾನಿ ಒಬ್ಬರು ಹತ್ತಿ ಬಂದರು. ದೂಮಪ್ಪಣ್ಣ ಮದುವೆ ಮನೆಯ ಯಜಮಾನನಂತೆ ಬಾಗಿಲಲ್ಲೇ ಎದುರುಗೊಂಡರು. ಬಂದವರು ಎದೆಯ ಮೇಲೆ ಕೈಯಿಟ್ಟು, ಗಲ್ಫಿನ ಹಿಂದಿಯಲ್ಲಿ, ಶ್ರವಣ್ ತುಂಬ ಒಳ್ಳೆಯ ಮನುಷ್ಯ, ತಾನು ಪರದೇಶದಲ್ಲಿದ್ದೆ, ನಿನ್ನೆಯಷ್ಟೇ ಬಂದೆ, ಬೇಗ ಬರಲಾಗಲಿಲ್ಲ, ಕ್ಷಮಿಸಬೇಕು ಎಂದರು. ಬಿಲ್ಡಿಂಗ್ ಓನರ್ ಇಷ್ಟು ಸಂಭಾವಿತ ಎಂದು ಯಾರೂ ಎಣಿಸಿರಲಿಲ್ಲ. ಆಮೇಲೆ ಅವರು ನಾಯಿಯತ್ತ ನೋಡಿದರು.

“ಮನೆಯೊಳಗೆ ಬೊಗಳುತ್ತದೆಯೇ?”

“ಇಲ್ಲ,” ಎಂದಳು ಭವ್ಯಶ್ರೀ.

“ಸಾಮಾನು ಕಚ್ಚಿ ಹಾಳುಮಾಡುತ್ತದೆಯೇ?”

“ಛೆ ಛೆ!” ಎಂದಳು ಕ್ಯಾರೋಲಿನ್. “ನಮ್ಮ ಮನೆಯಲ್ಲಿ ಹದಿನೆಂಟು ದಿನ ಇತ್ತು ಸಾರ್. ಒಂದು ಚಪ್ಪಲಿ ಸಹ ಮುಟ್ಟಲಿಲ್ಲ.” ಅದು ನಿಜವೇ ಆಗಿತ್ತು. ಸೋಫಾ ಇರುವಾಗ ಚಪ್ಪಲಿ ಯಾಕೆ?

“ಮಕ್ಕಳು, ವಯಸ್ಸಾದವರು?”

ಲೋಲಾಕ್ಷಕ್ಕ ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ, ನಾಯಿಯನ್ನು ಅಪ್ಪಿಕೊಂಡೇಬಿಟ್ಟರು. ಅಭ್ಯಾಸದಲ್ಲಿ ಅದು ಇರಲಿಲ್ಲ. ನಾಯಿ ಅವರ ಕೆನ್ನೆ ನೆಕ್ಕಿತು. ಅವರು ಅಪ್ಪುಗೆ ಬಿಡಲಿಲ್ಲ, ಬಿಡಲು ಧೈರ್ಯ ಸಾಲದೆ.

ಬಂದವರ ಮುಖ ಅರಳಿತು. “ಕೊನೆಗೆ ನೀವು ಹೇಳಿ ಮೇಡಂ. ಹತ್ತಕ್ಕೆ ಎಷ್ಟು ಕೊಡುತ್ತೀರಿ?”

ವಿಚಿತ್ರ ಪ್ರಶ್ನೆ ಎನಿಸಿತು ಅವಳಿಗೆ. ಆದರೆ ಉತ್ತರ ಅವಳ ಹತ್ತಿರ ಸಿದ್ಧವಿತ್ತು, ಬೆಳಗಿನಿಂದ ಒಬ್ಬನಿಗೆ ಹೇಳಲಾಗದೆ ಉಳಿದಿತ್ತು.

“ಹತ್ತು,” ಎಂದಳು.

“ಮಬ್ರೂಕ್, ಅಭಿನಂದನೆ!” ಅವರು ಚಪ್ಪಾಳೆ ತಟ್ಟಿದರು. “ಶ್ರವಣ್ ಹೇಳಿದ್ದು ಸರಿ. ‘ನನ್ನ ಹೆಂಡತಿಗಿಂತ ಕಟ್ಟುನಿಟ್ಟಿನ ಪರೀಕ್ಷಕಿ ಮಸ್ಕತ್ತಿನಲ್ಲಿ ಇಲ್ಲ ಸಾರ್, ಅವಳಲ್ಲಿ ಪಾಸಾದ ನಾಯಿ ಯಾವ ಮನೆಯಲ್ಲೂ ಪಾಸು’ ಅಂದಿದ್ದ. ಸರಿ ಹಾಗಾದರೆ, ಕರೆದುಕೊಂಡು ಹೋಗುತ್ತೇನೆ.”

“ಎಲ್ಲಿಗೆ?” ಎಂದರು ದೂಮಪ್ಪಣ್ಣ.

“ಬರ್ಕಾಕ್ಕೆ, ನಮ್ಮ ಮನೆಗೆ. ನಾನು ಹಮೂದ್, ಶ್ರವಣನ ಶೋರೂಮಿನ ಮಾಲೀಕ.” ಅವರಿಗೂ ಈಗ ಆಶ್ಚರ್ಯವಾಯಿತು. “ಶ್ರವಣ್ ಹೇಳಿರಲಿಲ್ಲವೇ? ನಾನು ಚಳಿಗಾಲದಲ್ಲಿ ಸ್ನೇಹಿತರ ಜೊತೆ ಪರದೇಶಕ್ಕೆ ಬೇಟೆಗೆ ಹೋಗುವವನು. ನನಗೆ ಹಕ್ಕಿ ನಾಯಿ ಬೇಕು, ನನ್ನ ಹೆಂಡತಿಗೆ ಮನೆಯಲ್ಲಿ ರಗಳೆ ಬೇಡ. ಯಾವ ಜಾತಿ ಆಗಬಹುದು ನೋಡು ಅಂತ ಶ್ರವಣನಿಗೆ ಹೇಳಿದ್ದೆ. ಅವನೇ ಓದಿ, ಪಟ್ಟಿ ಮಾಡಿ, ನಾನು ಕೊಂಡ ಇದನ್ನು ‘ಒಂದು ತಿಂಗಳು ನಮ್ಮ ಮನೆಯಲ್ಲಿ ಇಟ್ಟು ನೋಡುತ್ತೇನೆ’ ಅಂತ ಕೇಳಿ ತಂದ.”

ಲೋಲಾಕ್ಷಕ್ಕ ಇನ್ನೂ ನಾಯಿಯನ್ನು ಅಪ್ಪಿಕೊಂಡೇ ಇದ್ದರು.

“ಫೇಲಾದರೆ?” ಎಂದು ಕೇಳಿದಳು ಭವ್ಯಶ್ರೀ.

ಹಮೂದ್ ನಕ್ಕರು. “‘ಫೇಲಾದರೆ ವಾಪಸ್ ಬೇಡ ಸಾರ್, ನಾನೇ ಇಟ್ಟುಕೊಳ್ಳುತ್ತೇನೆ’ ಅಂದಿದ್ದ. ಅವನಿಗೂ ಇದರ ಮೇಲೆ ಮನಸ್ಸಾಗಿತ್ತು ಅಂತ ಕಾಣುತ್ತದೆ.”

ಕೊಟ್ಟ ಅಂಕವನ್ನು ಭವ್ಯಶ್ರೀ ಜೀವನದಲ್ಲಿ ಮೊದಲ ಸಲ ತಿದ್ದಲು ಹೊರಟಳು. “ಅದು… ಸೋಫಾ ತಿನ್ನುತ್ತದೆ,” ಎಂದಳು.

“ಇಲ್ಲಪ್ಪ!” ಎಂದಳು ಕ್ಯಾರೋಲಿನ್, ಬಾಯಿಗೆ ಬಂದ ಸುಳ್ಳನ್ನು ತಡೆಯಲಾಗದೆ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಳು. ಹಮೂದ್ ತಲೆಯಾಡಿಸಿದರು. ಒಬ್ಬ ಹೆಂಗಸು ದುಃಖದಲ್ಲಿ ಏನೋ ಹೇಳುತ್ತಾಳೆ, ಇಡೀ ಬಿಲ್ಡಿಂಗ್ ಸುಳ್ಳು ಹೇಳುತ್ತದೆಯೇ? ಅಷ್ಟರಲ್ಲಿ ಕೆಳಗಿನಿಂದ ಹಾರ್ನ್ ಕೇಳಿಸಿತು. “ಮಕ್ಕಳು,” ಎಂದರು ಅವರು. “ಇವತ್ತು ನಾಯಿ ಬರುತ್ತದೆ ಅಂತ ಬೆಳಗಿನಿಂದ ಊಟ ಮಾಡಿಲ್ಲ. ಮೇಡಂ, ನಿಮಗೆ ಏನಾದರೂ ಬೇಕಿದ್ದರೆ ಸಂಕೋಚಪಡದೆ ಕೇಳಿ. ಏನಾದರೂ.”

ಕೇಳಬಹುದಿತ್ತು. ಅದು ಅವಳ ಬಾಯಿಯವರೆಗೂ ಬಂತು. ಮತ್ತೆ ಹಾರ್ನ್ ಆಯಿತು.

“ಏನೂ ಬೇಡ,” ಎಂದಳು ಭವ್ಯಶ್ರೀ.

ದೂಮಪ್ಪಣ್ಣನ ಫೋನು ಹೊಡೆದುಕೊಂಡಿತು. ಏಜೆಂಟ್. ಎರಡು ಸಲ ಹಾಂ, ಒಂದು ಸಲ ಹೂಂ ಎಂದು ಅವರು ಫೋನ್ ಕಿಸೆಗೆ ಹಾಕಿದರು. “ಓನರ್ ಬರುವುದಿಲ್ಲವಂತೆ,” ಎಂದರು ಗೋಡೆಗೆ ಹೇಳುವ ಹಾಗೆ. “ಅವರ ಮನೆಯಲ್ಲೇ ಎರಡು ನಾಯಿ ಉಂಟಂತೆ. ಇರಲಿ ಬಿಡಿ ಅಂದರಂತೆ.”

ಭವ್ಯಶ್ರೀ ತಾನೇ ನಾಯಿಯನ್ನು ಕೆಳಗೆ ಕರೆದೊಯ್ದಳು. ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಅರಬಿಯಲ್ಲಿ ಕಿರುಚುತ್ತಿದ್ದರು. ಬಾಗಿಲು ತೆರೆದದ್ದೇ ತಡ, ನಾಯಿ ಹಾರಿ ಅವರ ನಡುವೆ ಕುಳಿತಿತು, ಹುಟ್ಟಿದ್ದೇ ಅಲ್ಲಿ ಎನ್ನುವ ಹಾಗೆ. ಹಿಂದಕ್ಕೆ ನೋಡಲೂ ಇಲ್ಲ. ಪಾಯಿಂಟರ್ ತಾನೆ, ಅದು ನೋಡುವುದು ಮುಂದಕ್ಕೆ.

ಅವಳು ಹಗ್ಗದ ತುದಿಯನ್ನು ಹುಡುಗಿಯ ಕೈಯಲ್ಲಿಟ್ಟು ಬಾಗಿಲು ಮುಚ್ಚಿದಳು. ಕಾರು ಎರಡು ಮಾರು ಹೋಗಿ ನಿಂತಿತು. ಹಮೂದ್ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದರು.

“ಮೇಡಂ, ಬಾಗಿಲು ಸರಿಯಾಗಿ ಬಿದ್ದಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ.”

ಭವ್ಯಶ್ರೀ ಹೋಗಿ, ಬಾಗಿಲು ತೆರೆದು, ಇನ್ನೊಮ್ಮೆ, ಜೋರಾಗಿ ಹಾಕಿದಳು.